ಗೋಪಾಳರಾವ್ ಆಗರಕರ: ಒಬ್ಬ ವಿಕಾಸವಾದಿಯ ಜೀವನ

ಪುಣೆಗೆ ಬಂದ ಹೊಸದರಲ್ಲಿ ನಾನೊಂದು ಪೆದ್ದುತನ ಮಾಡಿದ್ದೆ. ಕಾಲೇಜಿಗೆ ಹೋಗುವ ದಾರಿಯಲ್ಲಿ ಆಘಾರಕರ ಸಂಶೋಧನ ಸಂಸ್ಥೆ ಇದೆ. ಆ ಸಂಸ್ಥೆ ಇರುವ ರಸ್ತೆಗೆ ಗೋಪಾಳ ಗಣೇಶ ಆಗರಕರ ರಸ್ತೆ ಅಂತ ಹೆಸರು. ಇಬ್ಬರೂ ಒಬ್ಬರೇ ಎಂದು ತಿಳಿದುಕೊಂಡು ಒಂದು ವರ್ಷ ಪೂರ್ತಿ ಓಡಾಡಿದೆ. ನಮ್ಮ ಕಡೆಯ ಮಾತಿನಲ್ಲಿ ಮಹಾಪ್ರಾಣ ಎಲ್ಲಿ ಉಳಿದಿದೆ ಹೇಳಿ? ಗ ಮತ್ತು ಘ ಎರಡೂ ನಮ್ಮ ಕಿವಿಗೆ ಒಂದೇ. ಕೊನೆಗೆ ಮರಾಠಿ ಗೆಳೆಯನೊಬ್ಬ ನಕ್ಕು ತಿದ್ದಿದ. ಘ ಇರುವವರು ಶಂಕರ ಪುರುಷೋತ್ತಮ ಆಘಾರಕರ, ಸಸ್ಯಶಾಸ್ತ್ರಜ್ಞರು. 1911ರ ಸುಮಾರಿಗೆ ಸಾತಾರಾ ಜಿಲ್ಲೆಯ ಘಟ್ಟದ ಹೊಳೆಗಳಲ್ಲಿ ಸಿಹಿನೀರಿನ ಅಂಬಲಿಮೀನನ್ನು ಕಂಡುಹಿಡಿದವರು. ಆ ಜಾತಿಯ ಜೀವಿ ಅಲ್ಲಿಯವರೆಗೆ ಆಫ್ರಿಕಾದಲ್ಲಿ ಮಾತ್ರ ಇದೆ ಎಂದು ವಿಜ್ಞಾನಿಗಳು ತಿಳಿದಿದ್ದರಂತೆ. ಗ ಇರುವವರು ಅದಕ್ಕಿಂತ ಹಿಂದಿನವರು. ಅವರು ಯಾವ ಹುಳವನ್ನೂ ಹಿಡಿದವರಲ್ಲ, ಯಾವ ಎಲೆಯನ್ನೂ ಒಣಗಿಸಿ ಹಾಳೆಗೆ ಅಂಟಿಸಿದವರಲ್ಲ. ಆದರೆ ಜೀವವಿಕಾಸ ಎಂಬ ಮಾತನ್ನು ಪುಸ್ತಕದಿಂದ ಎತ್ತಿ ಬದುಕಿನಲ್ಲಿ ಇಟ್ಟುಕೊಂಡು, ಅದಕ್ಕೆ ತಕ್ಕ ಬೆಲೆ ಕೊಟ್ಟು ಸತ್ತವರು. ಈ ಲೇಖನ ಅವರ ಬಗ್ಗೆ.

ಸಂಘದ ಕಾರ್ಯದರ್ಶಿಗಳು ಯಾರಾದರೂ ಮಹನೀಯರ ಜೀವನ ಬರೆದುಕೊಡು ಎಂದಾಗ ಆಗರಕರ ಹೆಸರು ಹೇಳಿದೆ. ಕನ್ನಡ ಸಂಘದ ಪತ್ರಿಕೆಯಲ್ಲಿ ಮರಾಠಿಗರ ಜೀವನ ಯಾಕೆ ಎಂದು ಒಬ್ಬರು ಕೇಳಿದರು. ಕಾರಣವಿದೆ. ಆಗರಕರರು ಹುಟ್ಟಿದ್ದು ಕರಾಡದ ಹತ್ತಿರ ಟೆಂಭೂ ಎಂಬ ಹಳ್ಳಿಯಲ್ಲಿ, ಕೃಷ್ಣೆಯ ದಂಡೆಯ ಮೇಲೆ. ಕರಾಡದಲ್ಲಿ ಕೊಯ್ನಾ ಬಂದು ಕೃಷ್ಣೆಯನ್ನು ಕೂಡುತ್ತದೆ. ಅದೇ ನೀರು ಸಾಂಗಲಿ ದಾಟಿ, ಕುಡಚಿ ದಾಟಿ, ನಮ್ಮ ಜಮಖಂಡಿ ತಾಲೂಕಿಗೆ ಬರುತ್ತದೆ. ನಾನು ಈಜು ಕಲಿತದ್ದು ಆ ನೀರಿನಲ್ಲೇ. ಇಷ್ಟು ಸಂಬಂಧ ಸಾಲದೇನು? ಇನ್ನೂ ಒಂದು ಕಾರಣವಿದೆ, ಅದನ್ನು ಕೊನೆಗೆ ಹೇಳುತ್ತೇನೆ.

1856ರ ಜುಲೈ 14 ಅವರು ಹುಟ್ಟಿದ ದಿನ. ಮನೆಯಲ್ಲಿ ಕಡುಬಡತನ. ಕರಾಡದಲ್ಲಿ ಅಷ್ಟಿಷ್ಟು ಓದು, ಓದಿನ ನಡುವೆ ಕಚೇರಿಯಲ್ಲಿ ಗುಮಾಸ್ತಗಿರಿ. ಮುಂದಿನ ವಿದ್ಯೆಗಾಗಿ ಊರೂರು ಅಲೆದು ಕೊನೆಗೆ ದೂರದ ಅಕೋಲಾದಲ್ಲಿ ನೆಂಟರ ಆಸರೆ ಸಿಕ್ಕಿ, 1875ರಲ್ಲಿ ಮ್ಯಾಟ್ರಿಕ್ ಮುಗಿಯಿತು. ಅಲ್ಲಿಂದ ಪುಣೆಯ ಡೆಕ್ಕನ್ ಕಾಲೇಜು. ಆ ದಿನಗಳಲ್ಲಿ ಅವರಿಗೆ ಇದ್ದದ್ದು ಒಂದೇ ಅಂಗಿ, ರಾತ್ರಿ ಒಗೆದು ಹಾಕಿ ಬೆಳಿಗ್ಗೆ ಅದನ್ನೇ ತೊಡುತ್ತಿದ್ದರು ಎಂಬ ಕಥೆಯನ್ನು ಪುಣೆಯಲ್ಲಿ ಎಲ್ಲರೂ ಹೇಳುತ್ತಾರೆ. ಹಾಸ್ಟೆಲಿನಲ್ಲಿ ಇರುವ ನಮಗೆ ಇದು ತೀರಾ ಪುರಾಣದ ಕಥೆಯಂತೆ ಕೇಳಿಸಲಿಕ್ಕಿಲ್ಲ. ಪತ್ರಿಕೆಗಳಿಗೆ ಬರೆದು, ಪ್ರಬಂಧ ಸ್ಪರ್ಧೆಯಲ್ಲಿ ಬಹುಮಾನ ಗಳಿಸಿ ಫೀ ಕಟ್ಟಿದರು. ಎಂ.ಎ. ಪರೀಕ್ಷೆಗೆ ಓದುತ್ತಿದ್ದಾಗ ತಾಯಿಗೆ ಒಂದು ಪತ್ರ ಬರೆದರು. ಮಗ ದೊಡ್ಡ ಪರೀಕ್ಷೆ ಮುಗಿಸಿ ದೊಡ್ಡ ಪಗಾರದ ನೌಕರಿ ಹಿಡಿಯುತ್ತಾನೆ, ಮನೆಯ ಕಷ್ಟ ತೀರುತ್ತದೆ ಎಂದು ನೀನು ಕನಸು ಕಾಣಬೇಡ, ಹೊಟ್ಟೆಗೆ ಬೇಕಾದಷ್ಟು ಗಳಿಸಿ ಉಳಿದ ಹೊತ್ತನ್ನೆಲ್ಲ ಜನರ ಹಿತಕ್ಕೆ ಕೊಡುತ್ತೇನೆ ಎಂಬುದು ಅದರ ಸಾರಾಂಶ. ಆ ತಾಯಿ ಅದನ್ನು ಓದಿಸಿಕೊಂಡಾಗ ಅವರ ಮನಸ್ಸಿಗೆ ಏನಾಯಿತೋ! ಮಗನ ತ್ಯಾಗವನ್ನು ಎಲ್ಲರೂ ಹೊಗಳುತ್ತಾರೆ, ಆ ಪತ್ರ ಬಂದು ತಲುಪಿದ ಮನೆಯ ಬಗ್ಗೆ ಯಾರೂ ಬರೆಯುವುದಿಲ್ಲ.

ಡೆಕ್ಕನ್ ಕಾಲೇಜಿನಲ್ಲಿ ಅವರ ಕೈಗೆ ಸಿಕ್ಕವರು ಇಬ್ಬರು ಇಂಗ್ಲಿಷ್ ತತ್ತ್ವಜ್ಞರು, ಜಾನ್ ಸ್ಟುವರ್ಟ್ ಮಿಲ್ ಮತ್ತು ಹರ್ಬರ್ಟ್ ಸ್ಪೆನ್ಸರ್. ಮಿಲ್ಲರಿಂದ ವ್ಯಕ್ತಿಸ್ವಾತಂತ್ರ್ಯ ಬಂತು, ಸ್ಪೆನ್ಸರರಿಂದ ವಿಕಾಸವಾದ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕಂದ್ರೆ ಆಗರಕರರ ಜೀವನದ ಕೀಲಿ ಇಲ್ಲೇ ಇದೆ.

ಡಾರ್ವಿನ್ನರ ಗ್ರಂಥ ಹೊರಬಂದದ್ದು 1859ರಲ್ಲಿ, ಆಗ ನಮ್ಮ ನಾಯಕರಿಗೆ ಮೂರು ವರ್ಷ. ಡಾರ್ವಿನ್ನರ ವಾದವನ್ನು ನಾನು ಶಾಲೆಯಲ್ಲಿ ಕಲಿಯಲಿಲ್ಲ. ನಮಗೆ ವಿಜ್ಞಾನ ಹೇಳುತ್ತಿದ್ದವರು ಆ ಪಾಠ ಬಂದಾಗ ಪುಟ ಮಗುಚಿ, ಇದು ಪರೀಕ್ಷೆಗೆ ಬರೋದಿಲ್ಲ ಅಂತ ಮುಂದಕ್ಕೆ ಹೋದರು. (2023ರಲ್ಲಿ ಎನ್‌ಸಿಇಆರ್‌ಟಿಯವರು ಹತ್ತನೆಯ ತರಗತಿಯ ಪುಸ್ತಕದಿಂದ ಜೀವವಿಕಾಸದ ಭಾಗ ತೆಗೆದಾಗ ದೇಶದ ವಿಜ್ಞಾನಿಗಳು ಸಾವಿರಗಟ್ಟಲೆ ಸಹಿ ಹಾಕಿ ವಿರೋಧಿಸಿದರು. ನಮ್ಮಲ್ಲಿ ಒಬ್ಬರೇ ಅದನ್ನು ಸದ್ದಿಲ್ಲದೆ ಮಾಡಿ ಮುಗಿಸಿದ್ದರು!) ನಾನು ಅದನ್ನು ಕಲಿತದ್ದು ನವಲಗುಂದದ ಕಡೆ ನನ್ನ ಸೋದರಮಾವನ ಹತ್ತಿ ಹೊಲದಲ್ಲಿ.

ಮಾವ ವರ್ಷಕ್ಕೊಂದು ಹೊಸ ಔಷಧ ಹೊಡೆಯುತ್ತಿದ್ದರು. ಮೊದಲ ವರ್ಷ ಹುಳ ಪೂರಾ ಸಾಯುತ್ತಿತ್ತು, ಮೂರನೇ ವರ್ಷಕ್ಕೆ ಔಷಧ ಹತ್ತುತ್ತಿರಲಿಲ್ಲ. ಹುಳಕ್ಕೆ ಬುದ್ಧಿ ಬಂತು ನೋಡ್ರಿ ಅಂತ ಊರವರು ಅಂತಿದ್ದರು. ಬುದ್ಧಿಯ ಮಾತೇ ಇಲ್ಲ. ಲಕ್ಷ ಹುಳದಲ್ಲಿ ಎಲ್ಲೋ ಒಂದೆರಡು, ಏನೋ ಆಕಸ್ಮಿಕ ವ್ಯತ್ಯಾಸದಿಂದ, ಆ ವಿಷವನ್ನು ತಾಳಿಕೊಳ್ಳುವಂಥವು ಮೊದಲೇ ಇರುತ್ತವೆ. ಉಳಿದವು ಸತ್ತಾಗ ಹೊಲವೆಲ್ಲ ಅವುಗಳ ಮಕ್ಕಳದ್ದಾಗುತ್ತದೆ. ಬಿಟಿ ಹತ್ತಿ ಬಂದಾಗಲೂ ಇದೇ ಕಥೆ. 2010ರ ಹೊತ್ತಿಗೆ ಗುಜರಾತದಲ್ಲಿ ಗುಲಾಬಿ ಕಾಯಿಕೊರಕ ಆ ವಿಷವನ್ನೂ ಗೆದ್ದಿತ್ತು. ವ್ಯತ್ಯಾಸ ಮೊದಲು ಹುಟ್ಟುತ್ತದೆ, ಅದರ ಉಪಯೋಗ ಆಮೇಲೆ ಗೊತ್ತಾಗುತ್ತದೆ. ಇದನ್ನು 1943ರಲ್ಲಿ ಲೂರಿಯಾ ಮತ್ತು ಡೆಲ್‌ಬ್ರುಕ್ ಎಂಬ ಇಬ್ಬರು ವಿಜ್ಞಾನಿಗಳು ಬ್ಯಾಕ್ಟೀರಿಯಾಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು. ವಿಕಾಸ ಕುರುಡು ಎನ್ನುವುದು ಈ ಅರ್ಥದಲ್ಲಿ. ಹಂಗಂತ ಅದು ಲಾಟರಿಯೂ ಅಲ್ಲ. ಚೀಟಿ ಎತ್ತುವುದು ಕುರುಡು ಕೈ, ಆದರೆ ಯಾವ ಚೀಟಿ ಉಳಿಯಬೇಕು ಎಂಬುದನ್ನು ಹೊಲ, ಹವೆ, ಔಷಧ, ಹಸಿವು ಇವೇ ತೀರ್ಮಾನಿಸುತ್ತವೆ. ಯಾರೂ ಎಲ್ಲಿಗೂ ಕರೆದುಕೊಂಡು ಹೋಗುತ್ತಿಲ್ಲ.

ಆಗರಕರರ ಕಾಲಕ್ಕೆ ಇದು ಇಷ್ಟು ಸ್ಪಷ್ಟವಾಗಿರಲಿಲ್ಲ. ವ್ಯತ್ಯಾಸಗಳು ಎಲ್ಲಿಂದ ಬರುತ್ತವೆ ಎಂಬುದು ಡಾರ್ವಿನ್ನರಿಗೇ ಗೊತ್ತಿರಲಿಲ್ಲ. ಮೆಂಡೆಲ್ಲರ ಬಟಾಣಿ ಪ್ರಯೋಗ 1866ರಲ್ಲೇ ಅಚ್ಚಾಗಿದ್ದರೂ ಲೋಕದ ಕಣ್ಣಿಗೆ ಬಿದ್ದದ್ದು 1900ರಲ್ಲಿ. ಆ ಕತ್ತಲೆಯಲ್ಲಿ ದೇವರಿಗೆ ಬೇಕಾದಷ್ಟು ಜಾಗವಿತ್ತು. ಅಮೆರಿಕದ ಸಸ್ಯಶಾಸ್ತ್ರಜ್ಞ ಏಸಾ ಗ್ರೇ ಡಾರ್ವಿನ್ನರ ಗೆಳೆಯರೇ. ವ್ಯತ್ಯಾಸಗಳನ್ನು ಒಳ್ಳೆಯ ದಾರಿಗೆ ಹಚ್ಚುವ ಕೈಯೊಂದು ಇದೆ ಎಂದು ಅವರು ನಂಬಿದ್ದರು. ಡಾರ್ವಿನ್ನರ ಜೊತೆಗೇ ಈ ತತ್ತ್ವವನ್ನು ಕಂಡುಹಿಡಿದ ವಾಲೇಸ್ 1869ರಲ್ಲಿ ತಿರುಗಿ ನಿಂತು, ಉಳಿದ ಪ್ರಾಣಿಗಳ ಮಾತು ಸರಿ, ಆದರೆ ಮನುಷ್ಯನ ಮನಸ್ಸು ಮಾತ್ರ ಮೇಲಿನ ಯಾವುದೋ ಬುದ್ಧಿಯ ಕೆಲಸ ಎಂದರು. ಡಾರ್ವಿನ್ನರು ಬಹಳ ನೊಂದುಕೊಂಡರು, ಒಪ್ಪಲಿಲ್ಲ. ಬೆಟ್ಟದಿಂದ ಉರುಳಿ ಬಿದ್ದ ಕಲ್ಲುಗಳನ್ನು ಆಯ್ದು ಒಬ್ಬ ಮನೆ ಕಟ್ಟಿದರೆ, ಕಲ್ಲುಗಳು ಅವನ ಮನೆಗಾಗಿಯೇ ಆ ಆಕಾರದಲ್ಲಿ ಒಡೆದವು ಎನ್ನಲಾದೀತೇ ಎಂಬ ರೀತಿಯಲ್ಲಿ ಅವರು ಉತ್ತರ ಕೊಟ್ಟರು.

ಸ್ಪೆನ್ಸರರ ದಾರಿ ಬೇರೆ. ಅವರು ಜಗತ್ತಿಗೆಲ್ಲ ಒಂದೇ ನಿಯಮ ಹಾಕಿದರು. ಸರಳವಾದದ್ದು ಸಂಕೀರ್ಣವಾಗುತ್ತ ಹೋಗುತ್ತದೆ, ನಕ್ಷತ್ರವೂ ಹಾಗೆ, ಪ್ರಾಣಿಯೂ ಹಾಗೆ, ಸಮಾಜವೂ ಹಾಗೆ. ಎಲ್ಲದರ ಮೂಲದಲ್ಲಿ ಏನಿದೆಯೋ ಅದು ಅಜ್ಞೇಯ, ಅಂದರೆ ಮನುಷ್ಯನ ಬುದ್ಧಿಗೆ ಸಿಗದ್ದು. ಈ ಅಜ್ಞೇಯವಾದವನ್ನು ಆಗರಕರರು ಗಟ್ಟಿಯಾಗಿ ಹಿಡಿದರು. ಅವರನ್ನು ನಾಸ್ತಿಕ ಎಂದು ಬೈದವರು ಬಹಳ. ಆದರೆ ಅವರು ದೇವರಿಲ್ಲ ಎಂದು ಸಾಧಿಸಲು ಹೊರಟವರಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳಿ ಅದರ ಹೆಸರಿನಲ್ಲಿ ಬದುಕಿರುವವರನ್ನು ಗೋಳಾಡಿಸಬೇಡಿ ಎಂಬುದಷ್ಟೇ ಅವರ ತಕರಾರು.

ಇನ್ನು ಜೀವನದ ಕಡೆ ಬರೋಣ. ಎಂ.ಎ. ಓದುವಾಗ ಕಾಲೇಜಿನಲ್ಲಿ ಒಬ್ಬ ಗೆಳೆಯ ಸಿಕ್ಕ, ಬಾಳ ಗಂಗಾಧರ ಟಿಳಕ. ಇಬ್ಬರಿಗೂ ಸರಿಯಾಗಿ ಒಂದೇ ವಯಸ್ಸು, ಒಂಬತ್ತು ದಿನಗಳ ಅಂತರ. ಸರ್ಕಾರಿ ನೌಕರಿಗೆ ಹೋಗಬಾರದು, ಶಾಲೆ ತೆಗೆಯಬೇಕು ಎಂದು ಗುಡ್ಡದ ಮೇಲೆ ಅಡ್ಡಾಡುತ್ತ ರಾತ್ರಿಯೆಲ್ಲ ಮಾತಾಡಿ ನಿಶ್ಚಯಿಸಿದರು. 1880ರ ಜನವರಿಯಲ್ಲಿ ವಿಷ್ಣುಶಾಸ್ತ್ರಿ ಚಿಪಳೂಣಕರರ ಮುಂದಾಳುತನದಲ್ಲಿ ನ್ಯೂ ಇಂಗ್ಲಿಷ್ ಸ್ಕೂಲು ಆರಂಭವಾಯಿತು, ಪರೀಕ್ಷೆ ಮುಗಿಸಿ ಆಗರಕರರು ಸೇರಿಕೊಂಡರು. 1881ರ ಜನವರಿಯಲ್ಲಿ ಕೇಸರಿ ಪತ್ರಿಕೆ. ಅದರ ಮೊದಲ ಸಂಪಾದಕರು ಟಿಳಕರು ಅಂತ ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ, ಅಲ್ಲ, ಆಗರಕರರು.

ಮರುವರ್ಷವೇ ಸೆರೆಮನೆ. ಕೊಲ್ಹಾಪುರದ ಎಳೆಯ ಮಹಾರಾಜರನ್ನು ಕಾರಭಾರಿ ಬರ್ವೆಯವರು ಹಿಂಸಿಸುತ್ತಿದ್ದಾರೆಂದು ಬರೆದ ಲೇಖನಗಳ ಮೇಲೆ ಮಾನಹಾನಿ ಖಟ್ಲೆ ನಡೆದು, ಇಬ್ಬರೂ ಗೆಳೆಯರು 1882ರಲ್ಲಿ ಮುಂಬಯಿಯ ಡೋಂಗರಿ ಜೈಲಿನಲ್ಲಿ 101 ದಿನ ಕಳೆದರು. ಈ ಖಟ್ಲೆಯಲ್ಲಿ ಜಾಮೀನು ನಿಂತವರು ಜ್ಯೋತಿಬಾ ಫುಲೆಯವರ ಸ್ನೇಹಿತರು. ಬ್ರಾಹ್ಮಣರ ಪತ್ರಿಕೆಗೆ ಫುಲೆಯವರ ಕಡೆಯವರ ಜಾಮೀನು! ಪುಣೆಯ ಇತಿಹಾಸದಲ್ಲಿ ಇಂಥ ವಿಚಿತ್ರಗಳು ಬಹಳ. ಜೈಲಿನ ಸಣ್ಣ ಕೋಣೆಯಲ್ಲಿ ಇವರಿಬ್ಬರ ವಾದ ಎಷ್ಟು ಜೋರಾಗಿತ್ತೆಂದರೆ ಪಹರೆಯವರು ಬಂದು ಸುಮ್ಮನಿರಿಸಬೇಕಾಗುತ್ತಿತ್ತಂತೆ. ಹೊರಗೆ ಬಂದ ಮೇಲೆ ಆಗರಕರರು ಆ 101 ದಿನಗಳ ಬಗ್ಗೆ ಒಂದು ಪುಸ್ತಕ ಬರೆದರು. ಶೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕವನ್ನು ಮರಾಠಿಗೆ ತಂದದ್ದೂ ಆ ಸುಮಾರಿಗೇ, 1883ರಲ್ಲಿ.

1884ರಲ್ಲಿ ಡೆಕ್ಕನ್ ಎಜುಕೇಶನ್ ಸೊಸೈಟಿ, 1885ರ ಜನವರಿಯಲ್ಲಿ ಫರ್ಗ್ಯುಸನ್ ಕಾಲೇಜು. ಇಲ್ಲಿಯವರೆಗೆ ಒಂದೇ ಎತ್ತಿನ ಜೋಡಿ. ಮುಂದೆ ನೊಗ ಮುರಿಯಿತು.

ಮುರಿದದ್ದು ಯಾಕೆ? ಸಂಬಳದ ವಿಷಯ, ಹೊರಗಿನ ಗಳಿಕೆಯ ವಿಷಯ ಇತ್ತು. ಕಾಮರ್ಸ್ ವಿದ್ಯಾರ್ಥಿಯಾದ ನಾನು ಅದನ್ನು ಅಲ್ಲಗಳೆಯಲಾರೆ, ದೊಡ್ಡ ದೊಡ್ಡ ಆದರ್ಶಗಳೂ ಜಮಾಖರ್ಚಿನ ಪುಸ್ತಕದ ಮೇಲೆ ಎಡವುತ್ತವೆ. ಆದರೆ ಬೇರಿನ ಕಾರಣ ಬೇರೆ. ಟಿಳಕರು ಮೊದಲು ಸ್ವರಾಜ್ಯ, ಸಮಾಜ ತನ್ನ ಒಳಗಿನಿಂದ ತಾನೇ ಬದಲಾಗಲಿ, ಪರಕೀಯ ಸರ್ಕಾರ ಕಾಯ್ದೆ ಮಾಡಿ ನಮ್ಮ ಮನೆಯೊಳಗೆ ಕೈ ಹಾಕುವುದು ಬೇಡ ಎನ್ನುತ್ತಿದ್ದರು. ಆಗರಕರರು ಕಾಯಲು ತಯಾರಿರಲಿಲ್ಲ. 1887ರಲ್ಲಿ ಅವರು ಕೇಸರಿ ಬಿಟ್ಟರು. 1888ರ ಅಕ್ಟೋಬರದಲ್ಲಿ ಸುಧಾರಕ ಎಂಬ ಸ್ವಂತ ವಾರಪತ್ರಿಕೆ ಹೊರಡಿಸಿದರು, ಮರಾಠಿ ಭಾಗ ಅವರದು, ಇಂಗ್ಲಿಷ್ ಭಾಗ ಗೋಪಾಳಕೃಷ್ಣ ಗೋಖಲೆಯವರದು. ಯೋಗ್ಯವೆನಿಸಿದ್ದನ್ನು ಹೇಳುವುದು, ಸಾಧ್ಯವಾದದ್ದನ್ನು ಮಾಡುವುದು, ಇದು ಆ ಪತ್ರಿಕೆಯ ಧೋರಣೆ. 1890ರಲ್ಲಿ ಟಿಳಕರು ಸೊಸೈಟಿಯನ್ನೇ ಬಿಟ್ಟು ಹೊರಟುಹೋದರು.

ಸುಧಾರಕದಲ್ಲಿ ಬಂದದ್ದು ಒಂದೊಂದೂ ಕಿಡಿ. ವಿಧವೆಯರ ತಲೆ ಬೋಳಿಸುವುದು, ಬಾಲ್ಯವಿವಾಹ, ಮಡಿ ಮೈಲಿಗೆ, ಸತ್ತವರ ಸಂಸ್ಕಾರ, ಹೆಂಗಸರು ಮೈತುಂಬ ರವಿಕೆ ತೊಡಬೇಕೆಂಬ ಮಾತು, ಗಂಡುಹುಡುಗರ ಜೊತೆಗೇ ಹೆಣ್ಣುಮಕ್ಕಳಿಗೂ ಅದೇ ಶಿಕ್ಷಣ, ಯಾವುದನ್ನೂ ಬಿಡಲಿಲ್ಲ. ಒಂದು ಲೇಖನದಲ್ಲಿ ದೇವತೆಗಳು ಹುಟ್ಟಿದ ಬಗೆಯನ್ನೇ ವಿಚಾರಿಸಿದರು. ಆದಿಮಾನವನಿಗೆ ಕನಸಿನಲ್ಲಿ ಸತ್ತ ಅಪ್ಪ ಕಂಡ, ನೀರಿನಲ್ಲಿ ನೆರಳು ಕಂಡಿತು, ಸಿಡಿಲಿಗೆ ಹೆದರಿದ, ಅದರಿಂದ ಭೂತ, ಭೂತದಿಂದ ದೇವರು, ಹೀಗೆ ಸ್ಪೆನ್ಸರರ ದಾರಿಯಲ್ಲಿ. ಅಂದರೆ ವಿಕಾಸವನ್ನು ನಡೆಸುವವನು ದೇವರು ಎಂದು ಜನ ಹೇಳುತ್ತಿದ್ದರೆ, ಇವರು ದೇವರೆಂಬ ಕಲ್ಪನೆಯೇ ವಿಕಾಸದಿಂದ ಬಂದದ್ದು ಎಂದುಬಿಟ್ಟರು! ಪುಣೆ ಸುಮ್ಮನಿದ್ದೀತೇ? ಸನಾತನಿಗಳು ಆಗರಕರರ ಅಣಕು ಶವ ಕಟ್ಟಿ, ಬದುಕಿರುವಾಗಲೇ ಅವರ ಹೆಣದ ಮೆರವಣಿಗೆ ತೆಗೆದು, ಅವರ ಮನೆಯ ಮುಂದಿನಿಂದಲೇ ಒಯ್ದರು. ಅವರು ಮನೆಯಿಂದ ಅದನ್ನು ನೋಡಿದರಂತೆ. (ಅದು ಅಣಕಿನ ಶವ. ಇದೇ ಊರಿನಲ್ಲಿ 2013ರ ಆಗಸ್ಟ್ 20ರ ಬೆಳಿಗ್ಗೆ ಓಂಕಾರೇಶ್ವರದ ಹತ್ತಿರದ ಸೇತುವೆಯ ಮೇಲೆ ನರೇಂದ್ರ ದಾಭೋಲಕರರಿಗೆ ಬಿದ್ದದ್ದು ನಿಜವಾದ ಗುಂಡು.)

ಈಗ ನನಗೆ ಬಹಳ ದಿನ ತಲೆ ಕೆಡಿಸಿದ ಪ್ರಶ್ನೆಗೆ ಬರುತ್ತೇನೆ. ಸಮಾಜ ತಾನೇ ತಾನಾಗಿ ಮೇಲಕ್ಕೆ ಹೋಗುತ್ತದೆ ಎಂಬ ಸ್ಪೆನ್ಸರರ ನಿಯಮ ನಿಜವಾದರೆ, ಆಗರಕರರು ಇಷ್ಟೆಲ್ಲ ಕೂಗಾಡುವ ಜರೂರಿ ಏನಿತ್ತು? ವಿಕಾಸ ನಿಧಾನ, ಅವಸರ ಮಾಡಿದರೆ ಕೆಡುತ್ತದೆ ಎಂದು ಸ್ಪೆನ್ಸರರು ಹೇಳುತ್ತಿದ್ದರು. ಸರ್ಕಾರ ಕಾಯ್ದೆ ಮಾಡಿ ಸಮಾಜವನ್ನು ತಿದ್ದುವುದಂತೂ ಅವರಿಗೆ ಸುತರಾಂ ಬೇಡ, ಅದರ ವಿರುದ್ಧ 1884ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಹಾಗೆ ನೋಡಿದರೆ ಕಾಯ್ದೆ ಬೇಡ, ತಾನಾಗಿ ಆಗಲಿ ಎಂದ ಟಿಳಕರೇ ಸ್ಪೆನ್ಸರರಿಗೆ ಹತ್ತಿರ! 1891ರಲ್ಲಿ ಸಂಮತಿ ವಯಸ್ಸಿನ ಕಾಯ್ದೆ ಬಂತು. ಹೆಣ್ಣುಮಗುವಿನ ಸಂಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸುವುದು, ಅಷ್ಟೇ. ಹತ್ತರಿಂದ ಹನ್ನೆರಡು! ಅದಕ್ಕೆ ಪುಣೆಯಲ್ಲಿ ಹೊತ್ತಿದ ಬೆಂಕಿ ಅಷ್ಟಿಷ್ಟಲ್ಲ. ಟಿಳಕರು ವಿರೋಧದ ಮುಂಚೂಣಿಯಲ್ಲಿ ನಿಂತರು, ಆಗರಕರರು ಕಾಯ್ದೆಯ ಪರವಾಗಿ ನಿಂತರು, ತಮ್ಮ ಗುರುವಿನ ಮಾತನ್ನು ಮೀರಿ.

ನನಗೆ ತೋಚುವುದು ಇಷ್ಟು. ಸ್ಪೆನ್ಸರರ ವಿಕಾಸದಲ್ಲಿ ದೇವರ ಹೆಸರಿಲ್ಲ, ಆದರೆ ದೇವರ ಕುರ್ಚಿ ಖಾಲಿ ಇಲ್ಲ. ಆ ಕುರ್ಚಿಯಲ್ಲಿ ಪ್ರಗತಿ ಎಂಬ ನಿಯಮ ಕೂತಿದೆ. ಎಲ್ಲವೂ ಒಳ್ಳೆಯದರ ಕಡೆಗೇ ಸಾಗುತ್ತಿದೆ ಎಂದ ಮೇಲೆ ಸಾಗಿಸುವವನಿಗೆ ಈಶ್ವರ ಅಂದರೇನು, ನಿಯಮ ಅಂದರೇನು? ಆಗರಕರರು ಬಾಯಿಯಲ್ಲಿ ಸ್ಪೆನ್ಸರರ ಶಿಷ್ಯರು, ಆದರೆ ಕೃತಿಯಲ್ಲಿ ವಿಕಾಸ ಕುರುಡು ಎಂದು ತಿಳಿದವರಂತೆ ಬದುಕಿದರು. ಎಂಟು ವರ್ಷದ ವಿಧವೆಯ ತಲೆಯ ಮೇಲೆ ಬರುವ ಕ್ಷೌರದ ಕತ್ತಿಯನ್ನು ತಡೆಯುವ ಯಾವ ಕೈಯೂ ಮೇಲಿನಿಂದ ಇಳಿದು ಬರುವುದಿಲ್ಲ, ಯಾವ ನಿಯಮವೂ ಬರುವುದಿಲ್ಲ, ಬರಬೇಕಾದದ್ದು ಪಕ್ಕದ ಮನೆಯವನ ಕೈ. ಸ್ಪೆನ್ಸರರ ಇನ್ನೊಂದು ನಂಬಿಕೆಯೂ ಆಮೇಲೆ ಬಿದ್ದುಹೋಯಿತು. ಒಂದು ತಲೆಮಾರು ಅಭ್ಯಾಸದಿಂದ ಗಳಿಸಿದ್ದು ಹುಟ್ಟಿನಿಂದಲೇ ಮುಂದಿನ ತಲೆಮಾರಿಗೆ ಇಳಿಯುತ್ತದೆ ಎಂದು ಅವರು ತಿಳಿದಿದ್ದರು. ಜರ್ಮನಿಯ ವೈಸ್‌ಮನ್ ಎಂಬ ವಿಜ್ಞಾನಿ ತಲೆಮಾರುಗಟ್ಟಲೆ ಇಲಿಗಳ ಬಾಲ ಕತ್ತರಿಸುತ್ತ ಹೋದರು, ಮರಿಗಳು ಮಾತ್ರ ಬಾಲ ಇಟ್ಟುಕೊಂಡೇ ಹುಟ್ಟಿದವು. ಅಪ್ಪ ಕಲಿತ ಲೆಕ್ಕ ಮಗನಿಗೆ ರಕ್ತದಲ್ಲಿ ಬರುವುದಿಲ್ಲ (ನನ್ನ ಅಕೌಂಟೆನ್ಸಿ ಮಾರ್ಕುಗಳೇ ಸಾಕ್ಷಿ). ಪ್ರತಿ ಸಲವೂ ಮೊದಲಿನಿಂದ ಕಲಿಸಬೇಕು. ಆಗರಕರರು ಜೀವನ ಸವೆಸಿದ್ದು ಆ ಕೆಲಸದಲ್ಲಿಯೇ, ಶಾಲೆಯಲ್ಲಿ. ಮಕ್ಕಳಿಗಾಗಿ ಮರಾಠಿ ವಾಕ್ಯಗಳನ್ನು ಬಿಡಿಸಿ ತೋರಿಸುವ ಒಂದು ವ್ಯಾಕರಣ ಪುಸ್ತಕವನ್ನೂ ಬರೆದಿದ್ದಾರೆ.

ಇದಕ್ಕೆ ಎದುರು ಮಾತೂ ಇದೆ, ಅದನ್ನು ಮುಚ್ಚಿಡಬಾರದು. ಅದೇ ಪುಣೆಯಲ್ಲಿ ಅದೇ ಕಾಲಕ್ಕೆ ನ್ಯಾಯಮೂರ್ತಿ ರಾನಡೆಯವರಿದ್ದರು. ಅವರು ಪ್ರಾರ್ಥನಾ ಸಮಾಜದವರು, ಇತಿಹಾಸವನ್ನು ದೇವರ ಕೈ ನಡೆಸುತ್ತಿದೆ ಎಂದು ಮನಸಾರೆ ನಂಬಿದವರು. 1890ರಲ್ಲಿ ತೀರಿಕೊಂಡ ಫುಲೆಯವರು ಎಲ್ಲರನ್ನೂ ಸಮನಾಗಿ ಸೃಷ್ಟಿಸಿದ ಒಬ್ಬ ನಿರ್ಮಿಕನನ್ನು ನಂಬಿದ್ದರು. ವಿಧವೆಯರ ವಿಷಯದಲ್ಲಿ ಈ ಮೂವರೂ ಒಂದೇ ಕಡೆ. ಹಂಗಾದ್ರೆ ವಿಕಾಸ ಕುರುಡೋ ಕಣ್ಣಿದ್ದದ್ದೋ ಎಂಬ ಚರ್ಚೆಯಿಂದ ಬಂದ ಭಾಗ್ಯವೇನು? ನಮ್ಮ ಸಂಘದ ಚರ್ಚಾಕೂಟದಲ್ಲಿ ಒಬ್ಬ ಗೆಳತಿ ಈ ಪ್ರಶ್ನೆ ಎತ್ತಿದಳು, ನಾನು ತಡವರಿಸಿದೆ. ಈಗ ಹೀಗೆ ಹೇಳಬಲ್ಲೆ. ಕೆಲಸ ಕೈಗೂಡುವಾಗ ವ್ಯತ್ಯಾಸವಿಲ್ಲ, ಸೋಲುವಾಗ ಇದೆ. ರಾನಡೆಯವರಿಗೆ ಸೋಲಿನಲ್ಲಿ ಒರಗಿಕೊಳ್ಳಲು ಒಂದು ಗೋಡೆಯಿತ್ತು. ಆಗರಕರರಿಗೆ ಅದಿರಲಿಲ್ಲ. ಅವರ ಬರವಣಿಗೆಯಲ್ಲಿ ಕಾಣುವ ಕಟುತನ, ತಾಳ್ಮೆಗೇಡಿತನ ಇವಕ್ಕೆಲ್ಲ ಇದೇ ಕಾರಣವಿರಬಹುದು. ಅದು ಗುಣವೋ ದೋಷವೋ, ಓದುವವರು ನಿರ್ಧರಿಸಲಿ. ನನಗಂತೂ ಗೋಡೆಯಿಲ್ಲದೆ ನಿಂತವರ ಮೇಲೆ ಪ್ರೀತಿ ಸ್ವಲ್ಪ ಹೆಚ್ಚು.

1892ರಲ್ಲಿ, ಸಂಸ್ಕೃತ ನಿಘಂಟಿನ ವಾಮನ ಶಿವರಾಮ ಆಪ್ಟೆಯವರು ತೀರಿಕೊಂಡ ಮೇಲೆ, ಆಗರಕರರು ಫರ್ಗ್ಯುಸನ್ನಿನ ಪ್ರಿನ್ಸಿಪಾಲರಾದರು. 1893ರಲ್ಲಿ ಅದೇ ಕಾಲೇಜಿನ ಗಣಿತದ ಪ್ರಾಧ್ಯಾಪಕ ಧೋಂಡೋ ಕೇಶವ ಕರ್ವೆಯವರು ವಿಧವೆಯನ್ನು ಮದುವೆಯಾದರು. ಲೇಖನದಲ್ಲಿ ಬರೆದದ್ದು ಸಹೋದ್ಯೋಗಿಯ ಮನೆಯಲ್ಲೇ ನಡೆಯಿತು. ಆದರೆ ಆ ಹೊತ್ತಿಗೆ ಆಗರಕರರ ಮೈ ಸೋತಿತ್ತು. ಹಳೆಯ ಉಬ್ಬಸ ವರ್ಷದಿಂದ ವರ್ಷಕ್ಕೆ ಏರುತ್ತಲೇ ಇತ್ತು. ಸುಧಾರಕದ ಎಷ್ಟೋ ಅಗ್ರಲೇಖನಗಳು ಉಸಿರು ಸಿಗದ ರಾತ್ರಿಗಳಲ್ಲಿ ದಿಂಬಿಗೆ ಒರಗಿ ಬರೆದವು ಇರಬೇಕು.

1895ರ ಜೂನ್ 17ರಂದು ಅವರು ತೀರಿಕೊಂಡರು. 39 ತುಂಬಲು ಇನ್ನೂ 27 ದಿನ ಬಾಕಿ. ಆಮೇಲೆ ನೋಡಿದರೆ ಅವರ ದಿಂಬಿನ ಕೆಳಗೆ ಒಂದು ಪುಡಿಕೆ ಇತ್ತಂತೆ, ಅದರಲ್ಲಿ ಅವರ ಅಂತ್ಯಕ್ರಿಯೆಗೆ ಬೇಕಾದ ಹಣ. ಹೆಂಡತಿ ಯಶೋದಾಬಾಯಿಯವರು ಆ ದಿನ ಯಾರ ಮುಂದೂ ಕೈ ಚಾಚಬಾರದೆಂದು ಮೊದಲೇ ಎತ್ತಿಟ್ಟದ್ದು. ಕೊನೆಯ ದಿನಗಳವರೆಗೂ ಮುನಿಸಿದ್ದ ಟಿಳಕರು ಕೇಸರಿಯಲ್ಲಿ ಗೆಳೆಯನ ಮೇಲೆ ಮೃತ್ಯುಲೇಖ ಬರೆಯುವಾಗ ಕಣ್ಣೀರು ತಡೆಯಲಾರದೆ ಹೋದರೆಂದು ಹೇಳುತ್ತಾರೆ.

ನಾನು ಕೊನೆಗೆ ಹೇಳುತ್ತೇನೆಂದ ಕಾರಣ ಈಗ. ಆಗರಕರರ ಕಾಲೇಜಿಗೂ ನಮ್ಮ ಕನ್ನಡಕ್ಕೂ ದೊಡ್ಡ ನಂಟು. ಧಾರವಾಡದಲ್ಲಿ ಕರ್ನಾಟಕ ಕಾಲೇಜು 1917ರಲ್ಲಿ ಶುರುವಾಗುವವರೆಗೆ ನಮ್ಮ ಕಡೆಯ ಹುಡುಗರಿಗೆ ಬಿ.ಎ. ಅಂದರೆ ಪುಣೆ. ಆಲೂರು ವೆಂಕಟರಾಯರು ಫರ್ಗ್ಯುಸನ್ನಿನಲ್ಲಿ ಓದಿದರು, ಬೇಂದ್ರೆಯವರು ಅಲ್ಲಿ ಓದಿದರು. ಜಮಖಂಡಿಯ ಗುರುದೇವ ರಾನಡೆಯವರು ಅಲ್ಲಿ ಕಲಿಸಿದರು, ಗೋಕಾಕರು ಅಲ್ಲಿ ಇಂಗ್ಲಿಷ್ ಕಲಿಸಿದರು. ಸ್ವಾರಸ್ಯ ಇರುವುದು ಇಲ್ಲಿ. ಬೇಂದ್ರೆ, ಗೋಕಾಕ ಇಬ್ಬರೂ ಮುಂದೆ ಶ್ರೀ ಅರವಿಂದರ ಕಡೆ ಒಲಿದವರು. ಅರವಿಂದರ ವಿಕಾಸ ಕುರುಡಲ್ಲ. ಜಡದೊಳಗೆ ಪ್ರಾಣ ಅಡಗಿತ್ತು, ಪ್ರಾಣದೊಳಗೆ ಮನಸ್ಸು ಅಡಗಿತ್ತು, ಮನಸ್ಸಿನ ಆಚೆ ಇನ್ನೂ ಮೇಲಿನದೊಂದು ಅರಳಲು ಕಾದಿದೆ, ಚೈತನ್ಯವೇ ಒಳಗಿನಿಂದ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿದೆ ಎಂಬ ದರ್ಶನ ಅದು. ದೇವತೆಗಳ ಜನ್ಮಕುಂಡಲಿ ಬಿಡಿಸಿದವರ ಕಾಲೇಜಿನಿಂದ ಹೊರಬಂದು ಕನ್ನಡದ ಹಿರಿಯರು ದೈವೀ ವಿಕಾಸವನ್ನು ಹಾಡಿದರು. ಕಾವ್ಯವಾಗಿ ಅದು ನನ್ನನ್ನು ಎತ್ತಿ ಒಯ್ಯುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ನನ್ನ ತಮ್ಮನ ಗಂಟಲಿಗೆ ಅದನ್ನು ಹೊಂದಿಸಲು ಹೋದಾಗ ಹೊಂದುವುದಿಲ್ಲ.

ತಮ್ಮನಿಗೆ ಹನ್ನೊಂದು ವರ್ಷ. ಅವನಿಗೂ ಉಬ್ಬಸ. ಕಬ್ಬಿನ ರವದಿ ಸುಡುವ ದಿನಗಳಲ್ಲಿ ರಾತ್ರಿ ಎದ್ದು ಕೂತು ಮೀನಿನ ಹಾಗೆ ಬಾಯಿ ತೆರೆಯುತ್ತಾನೆ. ಮೀನಿನ ಹಾಗೆ ಎನ್ನುವುದು ಬರೀ ಉಪಮೆಯಲ್ಲ. ನಮ್ಮ ಶ್ವಾಸಕೋಶ ಹುಟ್ಟಿದ್ದು ಪುರಾತನ ಮೀನಿನ ಅನ್ನನಾಳದ ಒಂದು ಚೀಲದಂಥ ಕವಲಾಗಿ. ಅದಕ್ಕೇ ಇಂದಿಗೂ ಅನ್ನದ ದಾರಿ ಮತ್ತು ಗಾಳಿಯ ದಾರಿ ಗಂಟಲಲ್ಲಿ ಒಂದನ್ನೊಂದು ದಾಟುತ್ತವೆ, ನುಂಗುವ ಪ್ರತಿ ತುತ್ತೂ ಗಾಳಿಕೊಳವೆಯ ಬಾಯಿಯ ಮೇಲಿನಿಂದಲೇ ಹೋಗಬೇಕು. ಡಾರ್ವಿನ್ನರೇ ಇದನ್ನು ಗಮನಿಸಿ ಬರೆದಿದ್ದಾರೆ. ಎಂಜಿನಿಯರ್ ಒಬ್ಬ ಹೀಗೆ ಪೈಪ್ ಜೋಡಿಸಿದರೆ ಬಿಲ್ ಪಾಸಾಗುವುದಿಲ್ಲ. ಇದ್ದುದಕ್ಕೇ ತೇಪೆ ಹಚ್ಚುತ್ತ ಬಂದ ಕುರುಡು ದರ್ಜಿಯ ಕೆಲಸ ಇದು. ತಮ್ಮ ಯಾಕೆ ನನಗೇ ಹಿಂಗ ಅಂತ ಕೇಳಿದಾಗ ನಾನು ಇದನ್ನೆಲ್ಲ ಹೇಳಿದೆ. ದೇವರು ಸಿಟ್ಟಾಗಿಲ್ಲ, ನೀನೇನೂ ತಪ್ಪು ಮಾಡಿಲ್ಲ ಅಂತಲೂ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, ಆ ಮೀನಿಗೂ ಉಬ್ಬಸ ಇತ್ತೇನು ಅಂತ ಕೇಳಿದ.

ಅವ್ವ ಸವದತ್ತಿ ಯಲ್ಲಮ್ಮನಿಗೆ ಹರಕೆ ಹೊತ್ತಿದ್ದಳು. ದೀಪಾವಳಿ ಸೂಟಿಯಲ್ಲಿ ಊರಿಗೆ ಹೋದಾಗ ಹರಕೆ ತೀರಿಸಲು ಹೊರಟರು. ಯೋಗ್ಯವೆನಿಸಿದ್ದನ್ನು ಹೇಳಿ ನೋಡಿದೆ, ಧೂಳಿನಲ್ಲಿ ಹುಡುಗನನ್ನು ಒಯ್ಯಬೇಡವೆಂದೆ, ನಡೆಯಲಿಲ್ಲ. ಆಗ ಸಾಧ್ಯವಾದದ್ದನ್ನು ಮಾಡಿದೆ. ಪುಣೆಯಿಂದ ತಂದ ಇನ್‌ಹೇಲರನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು, ಬಸ್ಸಿನಲ್ಲಿ ಅವನನ್ನು ಕಿಟಕಿಯಿಂದ ದೂರ ಕೂರಿಸಿ, ನಾನೂ ಗುಡ್ಡಕ್ಕೆ ಹೋದೆ.